ಸಾರಿನ ಪುಡಿಗೂ ಮರ್ಯಾದೆಯುಂಟು

ಉಪವಾಸವು ಪರ್ವದಿನದ ವ್ರತ. ಆಹಾರಶುದ್ಧಿಯಾದರೋ ನಿತ್ಯದ ವ್ರತ. ಅಷ್ಟಮಿ, ಚತುರ್ದಶಿಗಳಲ್ಲಿ ಅನ್ನವನ್ನು ತ್ಯಜಿಸಿದ ಶ್ರಾವಕನು ಮರುದಿನದ ಪಾರಣೆಯ ಸಾರಿಗೆ ಬಿದ್ದ ಪುಡಿ ಎಂದಿನದೆಂದು ವಿಚಾರಿಸದಿದ್ದರೆ ಆ ತ್ಯಾಗವು ಅಪೂರ್ಣವೇ ಸರಿ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಬೇಸಿಗೆಯ ಬಿಸಿಲಿಗೆ ಮೆಣಸಿನಕಾಯಿ, ಕೊತ್ತಂಬರಿ ಬೀಜಗಳನ್ನು ಒಣಗಿಸಿ, ತಿಂಗಳುಗಟ್ಟಲೆ ಸಾಲುವಷ್ಟು ಪುಡಿ ಮಾಡಿಸಿಡುವ ರೂಢಿಯುಂಟು. ಲೋಕಕ್ಕೆ ಇದು ಜಾಣತನ, ಶ್ರಾವಕಾಚಾರಕ್ಕೆ ಒಪ್ಪದು. ಪುಡಿ ಮಾಡಿದ ಸಾಂಬಾರ ಪದಾರ್ಥಕ್ಕೂ ಹಿಟ್ಟಿನಂತೆಯೇ ಕಾಲಮರ್ಯಾದೆಯಿದೆ: ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ತೇವವು ಹೆಚ್ಚಿದಂತೆ ಜೀವೋತ್ಪತ್ತಿಯೂ ಶೀಘ್ರ. ಆದುದರಿಂದಲೇ ಅವಧಿಯು ಕಿರಿದು. ಕಾಳು, ಬೀಜಗಳನ್ನು ಇಡಿಯಾಗಿ ಒಣಗಿಸಿ, ಆರಿಸಿಟ್ಟುಕೊಂಡು, ಬೇಕಾದಷ್ಟನ್ನೇ ಆಗಾಗ ಕುಟ್ಟಿಕೊಳ್ಳುವುದು ಮಾರ್ಗ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಫಲವು ಅಲ್ಪ, ಘಾತವು ಬಹಳವೆಂದು ಬಿಡಹೇಳಿದ ವಸ್ತುಗಳಲ್ಲಿ ಹಸಿಶುಂಠಿಯೂ ಬೇವಿನ ಹೂವೂ ಸೇರಿವೆ. ಹಸಿಶುಂಠಿಯು ಅನಂತಕಾಯ. ಕಷಾಯಕ್ಕೆ ಒಣಗಿ ಪ್ರಾಸುಕವಾದ ಶುಂಠಿ, ಕಾಳುಮೆಣಸು, ಜೀರಿಗೆ ಸಾಕು. ಚಾತುರ್ಮಾಸದಲ್ಲಿ ಸೊಪ್ಪನ್ನು ತ್ಯಜಿಸಿದ ಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಬದಲು ಬೀಜವಿರಲಿ. ಒಗ್ಗರಣೆಗೆ ಕರಿಬೇವು ಬೇಡ.

ಇಲ್ಲಿ ಇನ್ನೊಂದು ವಿಚಾರವುಂಟು. ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ ಕುಟ್ಟುವ ಶ್ರಮವೆಲ್ಲ ಗೃಹಿಣಿಯೊಬ್ಬಳ ಪಾಲಿಗೇ ಬರುವುದುಂಟು. ವ್ರತದ ಪುಣ್ಯ ಯಜಮಾನನಿಗೆ, ದಣಿವು ಮನೆಯಾಕೆಗೆ ಎಂಬುದು ಧರ್ಮವಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಯಲ್ಲಿ ಜಿನೇಂದ್ರನ ಮುಂದೆ ನಿಯಮವನ್ನು ಸ್ವೀಕರಿಸಿದವನು ಮನೆಗೆ ಬಂದು ತಾನೂ ಕುಟ್ಟಾಣಿಯನ್ನು ಹಿಡಿಯಲಿ. ಅದಾಗದಿದ್ದ ದಿನ ಪುಡಿಯಿಲ್ಲದ ಬೇಳೆಯ ಕಟ್ಟನ್ನೇ ಸಂತೋಷದಿಂದ ಉಣ್ಣಲಿ. ನಾಲಿಗೆಯನ್ನು ಗೆದ್ದಷ್ಟೂ ವ್ರತವು ಗಟ್ಟಿ.