ದೇಹದ ಕಾವಲೂ ಧರ್ಮದ ಕಾವಲೂ

ತನ್ನದು ಯಾವುದು, ಪರರದು ಯಾವುದು ಎಂಬ ವಿವೇಚನೆ ಮನುಷ್ಯನ ಬುದ್ಧಿಯಲ್ಲಿ ಹುಟ್ಟುವ ಮೊದಲೇ ಅವನ ದೇಹದಲ್ಲಿ ನೆಲೆಸಿರುವುದು. ಹೊರಗಿನಿಂದ ನುಗ್ಗಿದ ರೋಗಾಣುವನ್ನು ಬಿಳಿಯ ರಕ್ತಕಣಗಳು ಪರಕೀಯವೆಂದು ಗುರುತಿಸಿ ನಾಶಮಾಡುತ್ತವೆ. ಈ ಕಾವಲಿಲ್ಲದಿದ್ದರೆ ಜೀವಕ್ಕೆ ಉಳಿಗಾಲವಿಲ್ಲ. ಆದರೆ ಉಪಕಾರಕ್ಕಾಗಿ ಬಂದುದನ್ನೂ ಅಪಕಾರಕ್ಕಾಗಿ ಬಂದುದನ್ನೂ ಬೇರ್ಪಡಿಸಿ ನೋಡುವ ಶಕ್ತಿ ಅದಕ್ಕಿಲ್ಲ. ಮಗನ ಪ್ರಾಣವನ್ನುಳಿಸಲೆಂದು ತಾಯಿ ಕೊಟ್ಟ ಮೂತ್ರಪಿಂಡವನ್ನೂ ಅದು ಶತ್ರುವೆಂದೇ ಬಗೆಯುವುದು.

1954ನೆಯ ಇಸವಿಯ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯರು ಒಬ್ಬನ ಮೂತ್ರಪಿಂಡವನ್ನು ಅವನ ಅವಳಿ ಸೋದರನಿಗೆ ಕಸಿಮಾಡಿ ಯಶಸ್ವಿಯಾದರು. ಇಬ್ಬರೂ ಏಕರೂಪದ ಅವಳಿಗಳಾದುದರಿಂದ ಒಬ್ಬನ ಅಂಗವು ಇನ್ನೊಬ್ಬನ ದೇಹಕ್ಕೆ ಅನ್ಯವೆನಿಸಲಿಲ್ಲ. ಅಂತಹ ಸೋದರರು ಎಷ್ಟು ಜನಕ್ಕೆ ಉಂಟು? ಉಳಿದವರಿಗಾಗಿ ವೈದ್ಯರು ದೇಹದ ಕಾವಲನ್ನೇ ಮಂಪರುಗೊಳಿಸುವ ಉಪಾಯವನ್ನು ಅರಸಿದರು. ಜಾರ್ಜ್ ಹಿಚಿಂಗ್ಸ್, ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿಗಳ ಶ್ರಮದಿಂದ ದೊರೆತ ಅಜಥಯೋಪ್ರಿನ್ 1960ರ ದಶಕದ ಆರಂಭದಲ್ಲಿ ಬಳಕೆಗೆ ಬಂದಿತು. ನಾರ್ವೆ ದೇಶದ ಪ್ರಸ್ಥಭೂಮಿಯೊಂದರ ಮಣ್ಣಿನಲ್ಲಿದ್ದ ಬೂಷ್ಟಿನಿಂದ ಪಡೆದ ಸೈಕ್ಲೋಸ್ಪೋರಿನ್‌ಗೆ 1983ರಲ್ಲಿ ಅಮೆರಿಕದ ಸರಕಾರದ ಅನುಮತಿ ದೊರೆಯಿತು. ಆಮೇಲೆ ರಕ್ತಸಂಬಂಧವಿಲ್ಲದವನ ಅಂಗವೂ ದೇಹದಲ್ಲಿ ಹೆಚ್ಚು ಕಾಲ ಬಾಳತೊಡಗಿತು.

ಈ ಔಷಧಗಳಿಗಾಗಿ ತೆರಬೇಕಾದ ಬೆಲೆ ಅಲ್ಪವಲ್ಲ. ಕಸಿಮಾಡಿದ ಅಂಗ ಕೆಲಸಮಾಡುವಷ್ಟು ಕಾಲವೂ ಅವುಗಳನ್ನು ದಿನವೂ ಸೇವಿಸಬೇಕು. ಕಾವಲಿಲ್ಲದ ಮನೆಗೆ ಕಳ್ಳರು ನುಗ್ಗುವಂತೆ ಸೋಂಕುಗಳು ನುಗ್ಗುತ್ತವೆ. ಕೆಲವು ಬಗೆಯ ಅರ್ಬುದರೋಗಗಳ ಸಂಭವವೂ ಹೆಚ್ಚುವುದು. ಮೂತ್ರಪಿಂಡವನ್ನು ಕಾಯುವ ಸೈಕ್ಲೋಸ್ಪೋರಿನ್ನೇ ಕಾಲಕ್ರಮದಲ್ಲಿ ಆ ಮೂತ್ರಪಿಂಡಕ್ಕೆ ಹಾನಿಯನ್ನುಂಟುಮಾಡಬಲ್ಲುದು. ಆದರೂ ಇದು ರೋಗಿಯು ತಿಳಿದು, ಒಪ್ಪಿ, ತಾನೇ ತೆರುವ ಬೆಲೆ. ಇದರಲ್ಲಿ ಅಧರ್ಮವೇನೂ ಇಲ್ಲ.

ಧರ್ಮದ ಪ್ರಶ್ನೆ ಹುಟ್ಟುವುದು ಬೇರೊಂದು ಕಡೆಯಲ್ಲಿ. ದೇಹವು ಅನ್ಯರ ಅಂಗವನ್ನು ನಿರಾಕರಿಸುತ್ತಿದ್ದಷ್ಟು ಕಾಲ ಆ ನಿರಾಕರಣೆಯೇ ಬಡವನಿಗೆ, ಅವನಿಗರಿವಿಲ್ಲದಂತೆ, ರಕ್ಷೆಯಾಗಿದ್ದಿತು. ಧನಿಕನು ಎಷ್ಟು ಹಣ ಸುರಿದರೂ ಅಪರಿಚಿತನ ಮೂತ್ರಪಿಂಡದಿಂದ ಅವನಿಗೆ ಪ್ರಯೋಜನವಿರಲಿಲ್ಲ. ಔಷಧವು ಆ ನಿರಾಕರಣೆಯನ್ನು ಅಡಗಿಸಿದೊಡನೆ ಅಪರಿಚಿತನ ದೇಹವೂ ಉಪಯುಕ್ತವಾಯಿತು. ಉಪಯುಕ್ತವಾದುದಕ್ಕೆ ಬೆಲೆ ಕಟ್ಟುವವರೂ ಹುಟ್ಟಿಕೊಂಡರು. 1980ರ ದಶಕದಲ್ಲಿ ಭಾರತದ ನಗರಗಳಲ್ಲಿ ಸಾಲದಲ್ಲಿ ಮುಳುಗಿದವರ ಮೂತ್ರಪಿಂಡಗಳು ಹಣಕ್ಕೆ ಮಾರಾಟವಾದುವು. 1994ರ ಮಾನವ ಅಂಗಗಳ ಕಸಿ ಕಾಯಿದೆಯು ಈ ವ್ಯಾಪಾರವನ್ನು ಅಪರಾಧವೆಂದು ಸಾರಿತು.

ಇಲ್ಲಿ ಒಂದು ಆಕ್ಷೇಪಣೆಯುಂಟು. ಕೊಡುವವನು ಇಷ್ಟಪಟ್ಟೇ ಕೊಡುವನು, ಕೊಳ್ಳುವವನು ಬದುಕುವನು. ನಡುವೆ ಅಡ್ಡಬರಲು ಕಾಯಿದೆಗೆ ಏನು ಅಧಿಕಾರ? ಸಾವಿನ ಹೊಸ್ತಿಲಲ್ಲಿ ನಿಂತ ರೋಗಿಯ ಮುಂದೆ ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಸಾಲ ಕೊಟ್ಟವನು ಬಾಗಿಲಲ್ಲಿ ಕಾದಿರುವಾಗ ಬಡವನು ಹೇಳುವ ‘ಹೂಂ’ ಎಂಬುದು ಎಷ್ಟರಮಟ್ಟಿಗೆ ಸಮ್ಮತಿ? ಅಂಗವನ್ನು ಪಡೆದವನಿಗೆ ಜೀವಮಾನವೆಲ್ಲ ವೈದ್ಯರ ಆರೈಕೆಯುಂಟು. ಮಾರಿದವನ ಯೋಗಕ್ಷೇಮವನ್ನು ವಿಚಾರಿಸುವವರಾರು? ಒಬ್ಬನ ಕಷ್ಟವನ್ನು ಮತ್ತೊಬ್ಬನ ಕಷ್ಟದ ಮೇಲೆ ಹೊರಿಸಿದರೆ ಕಷ್ಟವು ಸ್ಥಳ ಬದಲಾಯಿಸಿದಂತಾಯಿತೇ ಹೊರತು ಪರಿಹಾರವಾದಂತಾಗಲಿಲ್ಲ.

ಅದೇ ಕಾಯಿದೆಯು ಮೆದುಳಿನ ಮರಣವನ್ನು ಮರಣವೆಂದು ಅಂಗೀಕರಿಸಿ ಮೃತರ ಅಂಗದಾನಕ್ಕೂ ದಾರಿಯನ್ನು ತೆರೆಯಿತು. ದುಃಖದ ನಡುವೆಯೂ ಬಂಧುಗಳು ಮುಖವರಿಯದವನೊಬ್ಬನಿಗಾಗಿ ಒಪ್ಪಿಗೆ ಕೊಡುವರು. ಅಲ್ಲಿ ಸಾಲದ ಭಯವೂ ಇಲ್ಲ, ಹಣದ ಆಸೆಯೂ ಇಲ್ಲ. ಅವಳಿಯಲ್ಲದವನೂ ಸೋದರನಾಗುವುದು ಇಂತಹ ದಾನದಲ್ಲಿ. ಪರಕೀಯವನ್ನು ಬರಮಾಡಿಕೊಳ್ಳುವುದನ್ನು ಔಷಧವು ದೇಹಕ್ಕೆ ಕಲಿಸಿತು. ಅದನ್ನು ಯಾರಿಂದ, ಯಾವ ರೀತಿಯಲ್ಲಿ ಪಡೆಯಬೇಕೆಂಬುದನ್ನು ಕಲಿಸುವುದು ಅದರ ಕೆಲಸವಲ್ಲ. ದೇಹದ ಕಾವಲನ್ನು ತಾನಾಗಿಯೇ ಕುಗ್ಗಿಸಿದ ಮನುಷ್ಯನು ಆ ಕಾವಲಿನ ಹೊಣೆಯನ್ನು ತನ್ನ ಧರ್ಮಬುದ್ಧಿಗೆ ಒಪ್ಪಿಸಲೇಬೇಕಾಗಿದೆ.