ಕಿರುಗಾಯಕದ ಋಣ

ಕಾಯಕತತ್ತ್ವವನ್ನು ಕುರಿತು ಪ್ರವಚನಗಳು ನಡೆಯುವಾಗ ಸಾಮಾನ್ಯವಾಗಿ ಕಾಯಕವನ್ನು ಮಾಡುವವನ ಧರ್ಮವನ್ನೇ ಬಣ್ಣಿಸಲಾಗುತ್ತದೆ. ಅವನು ಸತ್ಯಶುದ್ಧನಾಗಿರಬೇಕು, ಸೋಮಾರಿಯಾಗಬಾರದು, ಬಂದುದರಲ್ಲಿ ತೃಪ್ತನಾಗಿ ಮಿಕ್ಕುದನ್ನು ದಾಸೋಹಕ್ಕೆ ಸಲ್ಲಿಸಬೇಕು ಎಂದು ಹೇಳುವುದುಂಟು. ಇದೆಲ್ಲ ನಿಜವೇ. ಆದರೆ ಕಾಯಕವೆಂಬುದಕ್ಕೆ ಎರಡು ಕೈಗಳಿವೆ. ಮಾಡುವ ಕೈಯೊಂದಿದ್ದರೆ ಮಾಡಿಸಿಕೊಳ್ಳುವ ಕೈಯೊಂದು ಇದ್ದೇ ಇದೆ. ಮಾಡಿಸಿಕೊಂಡವನ ಧರ್ಮವೇನೆಂಬುದನ್ನು ಗೃಹಸ್ಥರು ವಿಚಾರಿಸುವುದು ವಿರಳ. ವಿಚಾರಿಸಿದರೂ ಮನೆ ಕಟ್ಟಿಸುವುದು, ಬಾವಿ ತೋಡಿಸುವುದು ಮುಂತಾದ ದೊಡ್ಡ ಕೆಲಸಗಳ ಸಂದರ್ಭದಲ್ಲಿ ವಿಚಾರಿಸುತ್ತಾರೆ. ಅಲ್ಲಿ ಕರಾರು ಇರುತ್ತದೆ, ಮುಂಗಡವಿರುತ್ತದೆ, ಸಾಕ್ಷಿಗಳಿರುತ್ತಾರೆ. ಧರ್ಮವು ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಕರಾರಿಲ್ಲದ ಸಣ್ಣ ಕೆಲಸದಲ್ಲಿ.

ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿ, ಕುಂಭಾಶಿಗೂ ಕೋಟಕ್ಕೂ ನಡುವೆ, ತೆಕ್ಕಟ್ಟೆಯೆಂಬ ಊರಿದೆ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಗದ್ದೆಬಯಲು, ನಟ್ಟನಡುವೆ ಹಿಂದೆ 17 ಎಂದೂ ಈಗ 66 ಎಂದೂ ಸಂಖ್ಯೆ ಪಡೆದ ರಾಷ್ಟ್ರೀಯ ಹೆದ್ದಾರಿ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುತ್ತದೆ. ಮಳೆ ಬಿಟ್ಟ ತಿಂಗಳುಗಳಲ್ಲಿ ಉಪ್ಪುಗಾಳಿ ಬಿಡುವುದಿಲ್ಲ. ಇಂಥ ಹವೆಯಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಮೆ. ಬಯಲುಸೀಮೆಯಲ್ಲಿ ಹಲವು ವರ್ಷ ಬಾಳುವ ಸೈಕಲ್ಲಿನ ಚೈನು ಇಲ್ಲಿ ಒಂದು ಆಷಾಢದಲ್ಲಿಯೇ ಕೆಂಪೇರಿ ಬಿಗಿದುಕೊಳ್ಳುತ್ತದೆ; ಬ್ರೇಕಿನ ತಂತಿ ತನ್ನ ಕೊಳವೆಯೊಳಗೇ ತುಕ್ಕು ಹಿಡಿದು, ಹಿಡಿಕೆಯನ್ನು ಒತ್ತಿದರೆ ಮರಳಿ ಬಾರದು. ಆದಕಾರಣ ಈ ಸೀಮೆಯಲ್ಲಿ ಸೈಕಲ್ ಅಂಗಡಿಯು ಕೇವಲ ಅನುಕೂಲದ ಸ್ಥಳವಲ್ಲ; ಶಾಲೆಗೆ ಹೋಗುವ ಮಗುವಿಗೂ ಮೀನು ಮಾರುವವನಿಗೂ ಅದು ಅವಶ್ಯವಾದ ಆಸರೆ.

ಅಲ್ಲಿ ನಡೆಯುವ ಕೆಲಸವಾದರೂ ಎಂಥದು? ನೋಡುವವನ ಕಣ್ಣಿಗೆ ಅದು ಬಹು ಅಲ್ಪ. ಒಂದು ನಟ್ಟನ್ನು ಬಿಗಿಮಾಡಿದನು, ಗಂಟೆಯೊಂದನ್ನು ಕೂಡಿಸಿದನು, ಚಕ್ರವನ್ನು ನಾಲ್ಕು ಸಲ ತಿರುಗಿಸಿ ಏನೋ ಮಾಡಿದನು, ಇಷ್ಟೆ. ಆದರೆ ಚಕ್ರದ ಬೆಂಡು ತೆಗೆಯುವ ಕೆಲಸವನ್ನು ಕುಳಿತು ನೋಡಿದವರು ಹಾಗೆ ಹೇಳಲಾರರು. ಹಳೆಯ ಮಾದರಿಯ ಕರಿ ಸೈಕಲ್ಲಿಗೆ ಮುಂದಿನ ಚಕ್ರದಲ್ಲಿ 32, ಹಿಂದಿನದರಲ್ಲಿ 40 ಕಡ್ಡಿಗಳು. ಪ್ರತಿಯೊಂದು ಕಡ್ಡಿಯೂ ರಿಮ್ಮನ್ನು ತನ್ನ ಕಡೆಗೆ ಎಳೆಯುತ್ತಿರುತ್ತದೆ. ಎಡದ ಕಡ್ಡಿಗಳು ಎಡಕ್ಕೆ, ಬಲದವು ಬಲಕ್ಕೆ. ಈ ಎಳೆತಗಳೆಲ್ಲ ಸಮವಾದಾಗ ಮಾತ್ರ ಚಕ್ರವು ನೆಟ್ಟಗೆ ಓಡುತ್ತದೆ. ಒಂದು ಕಡೆ ಓಲಿದ್ದರೆ, ಆ ಭಾಗದಲ್ಲಿ ಒಂದು ಪಕ್ಕದ ಕಡ್ಡಿಯನ್ನು ಕಾಲುಸುತ್ತು ಬಿಗಿದು, ಎದುರು ಪಕ್ಕದ್ದನ್ನು ಅಷ್ಟೇ ಸಡಿಲಿಸಬೇಕು. ಹೆಚ್ಚು ಬಿಗಿದರೆ ರಿಮ್ಮು ಗುಂಡಗಿರದೆ ಮೊಟ್ಟೆಯಾಗುತ್ತದೆ. ಅಂಗಡಿಯವನು ಅಳತೆಗೋಲನ್ನು ಹಿಡಿಯುವುದಿಲ್ಲ. ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವಣ ಬೆಳಕಿನ ಸಂದನ್ನು ನೋಡುತ್ತಾನೆ, ಕಡ್ಡಿಯನ್ನು ಬೆರಳಿನಿಂದ ಮಿಡಿದು ಅದರ ನಾದವನ್ನು ಕೇಳುತ್ತಾನೆ. ಪೆಡಲನ್ನು ಕೂಡಿಸುವುದೂ ಹಾಗೆಯೇ. ಬಲದ ಪೆಡಲು ಎಲ್ಲ ತಿರುಪುಗಳಂತೆ ತಿರುಗಿದರೆ ಎಡದ್ದು ವಿರುದ್ಧವಾಗಿ ತಿರುಗುತ್ತದೆ. ಇದನ್ನರಿಯದ ಗೃಹಸ್ಥನು ಮನೆಯಲ್ಲಿ ಬಲವಂತದಿಂದ ತಿರುಗಿಸಿ ಕ್ರ್ಯಾಂಕಿನ ಮರೆಯನ್ನೇ ಸವೆಸಿ ತರುವುದುಂಟು. ಹಾಗೆ ತಂದವನೇ ‘ಒಂದು ಪೆಡಲು ಹಾಕುವುದಕ್ಕೆ ಇಷ್ಟೇಕೆ?’ ಎಂದು ಕೇಳುವುದೂ ಉಂಟು!

ಪಂಕ್ಚರಿನ ಕೂಲಿಯನ್ನು ಜನ ತಕರಾರಿಲ್ಲದೆ ಕೊಡುತ್ತಾರೆ, ಏಕೆಂದರೆ ಅಲ್ಲಿ ಶ್ರಮವು ಕಣ್ಣಿಗೆ ಕಾಣುತ್ತದೆ. ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಏಳುವಲ್ಲಿ ಗುರುತುಮಾಡಿ, ಉಜ್ಜಿ, ಸೊಲ್ಯೂಷನ್ ಬಳಿದು, ತೇಪೆ ಹಚ್ಚುವವರೆಗೆ ಗಿರಾಕಿಯು ನಿಂತು ನೋಡುತ್ತಾನೆ. ಕಾಣದಿರುವ ಶ್ರಮಕ್ಕೆ ಬೆಲೆಯಿಲ್ಲವೆಂಬ ಭಾವನೆಯೇ ಇಲ್ಲಿಯ ದೋಷದ ಮೂಲ. ಎರಡು ನಿಮಿಷದಲ್ಲಿ ತಪ್ಪನ್ನು ಕಂಡುಹಿಡಿದವನು ಆ ಎರಡು ನಿಮಿಷಕ್ಕಾಗಿ ಇಪ್ಪತ್ತು ವರ್ಷ ಮಸಿಗೈ ಮಾಡಿಕೊಂಡಿರುತ್ತಾನೆ. ಗಿರಾಕಿಗೆ ಬೇಕಾದುದು ಆ ಇಪ್ಪತ್ತು ವರ್ಷ. ಅವನು ಎಣಿಸುವುದು ಎರಡು ನಿಮಿಷ.

ಲೆಕ್ಕವನ್ನೇ ಮಾಡಿ ನೋಡಬಹುದು. ‘ಇದಕ್ಕೇನು ದುಡ್ಡು’ ಎಂದು ಹೇಳಿಸಿಕೊಳ್ಳುವ ಕಿರುಗೆಲಸಗಳು ದಿನಕ್ಕೆ ಹತ್ತು ಬಂದವೆಂದೂ, ಒಂದೊಂದಕ್ಕೆ ಹತ್ತು ನಿಮಿಷ ಹಿಡಿಯಿತೆಂದೂ ಇಟ್ಟುಕೊಂಡರೆ, ದಿನಕ್ಕೆ 100 ನಿಮಿಷ. ತಿಂಗಳಿಗೆ 26 ದಿನ ಅಂಗಡಿ ತೆರೆದರೆ 2600 ನಿಮಿಷ, ಅಂದರೆ 43 ಗಂಟೆಗೂ ಮಿಗಿಲು. ದಿನಕ್ಕೆ ಎಂಟು ಗಂಟೆಯಂತೆ ದುಡಿಯುವವನಿಗೆ ಇದು ತಿಂಗಳಲ್ಲಿ ಐದು ದಿನಕ್ಕೂ ಹೆಚ್ಚಿನ ದುಡಿಮೆ. ಹತ್ತು ಹತ್ತು ನಿಮಿಷವನ್ನು ಕೊಂಡೊಯ್ದ ಹತ್ತು ಮಂದಿಯೂ ಸಜ್ಜನರೇ, ಒಬ್ಬರೂ ಕಳ್ಳರಲ್ಲ. ಆದರೂ ಒಬ್ಬನ ಮನೆಯಿಂದ ಐದು ದಿನದ ಅನ್ನವು ಹೊರಟುಹೋಯಿತು.

ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ರೂಢಿ ಬಂದಿದೆ. ಮಗುವಿನ ಸೈಕಲ್ಲನ್ನು ಮೊಬೈಲಿನಲ್ಲಿಯೇ ಕೊಂಡು ರಟ್ಟಿನ ಪೆಟ್ಟಿಗೆಯಲ್ಲಿ ತರಿಸುತ್ತಾರೆ. ಬಹುಪಾಲು ಜೋಡಿಸಿಯೇ ಇದೆಯೆಂದು ಮಾರುವವರು ಹೇಳಿರುತ್ತಾರೆ. ಉಳಿದಿರುವುದು ಹ್ಯಾಂಡಲು, ಮುಂದಿನ ಚಕ್ರ, ಪೆಡಲು, ಸೀಟು, ಬ್ರೇಕು. ಎಂದರೆ ಮಗುವಿನ ಪ್ರಾಣವು ಯಾವುದನ್ನು ಅವಲಂಬಿಸಿದೆಯೋ ಅದಷ್ಟೇ ಉಳಿದಿದೆ. ಆ ಪೆಟ್ಟಿಗೆಯನ್ನು ಊರಿನ ಅಂಗಡಿಗೆ ತಂದು ‘ಸ್ವಲ್ಪ ಕೂಡಿಸಿಕೊಡು’ ಎನ್ನುತ್ತಾರೆ. ಸೈಕಲ್ಲಿನ ಮಾರಾಟದ ಲಾಭವು ದೂರದವನಿಗೆ ಸಂದಿತು. ಹೊಣೆಯು ಹತ್ತಿರದವನ ತಲೆಯ ಮೇಲೆ ಬಂದಿತು. ಜೋಡಣೆಯ ಕೂಲಿಯನ್ನು ಅವನು ಕೇಳಿದರೆ ಅದು ಅನ್ಯಾಯವೆಂದು ತೋರುವುದೇಕೆ? ಕರ್ನಾಟಕ ಸರಕಾರವು 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲನ್ನು ಉಚಿತವಾಗಿ ಹಂಚಿದಾಗಲೂ, ಉಚಿತವಾಗಿ ಬಂದುದು ಸೈಕಲ್ಲು ಮಾತ್ರ. ಅದರ ಬಿಗಿತ, ಎಣ್ಣೆ, ಬೆಂಡುಗಳನ್ನು ನೋಡಿಕೊಂಡು ಅದನ್ನು ದಾರಿಗೆ ತಂದ ಕೈ ಹಳ್ಳಿಯ ಅಂಗಡಿಯದು. ತೆಕ್ಕಟ್ಟೆಯಲ್ಲಿ ಮಗುವು ಸೈಕಲ್ಲನ್ನು ಹತ್ತಿ ಹೊರಟರೆ ನಾಲ್ಕು ಪಥದ ಹೆದ್ದಾರಿಯನ್ನು ಎದುರಿಸಲೇಬೇಕು. ಅಲ್ಲಿ ಬ್ರೇಕಿನ ತಂತಿಯನ್ನು ಹಿಡಿದಿರುವ ಒಂದು ಚಿಕ್ಕ ತಿರುಪು ಸಡಿಲವಾಗಿದ್ದರೆ ಏನಾಗಬಹುದೆಂಬುದನ್ನು ವಿವರಿಸುವುದು ಬೇಡ.

ಕೂಲಿಯನ್ನು ತಡೆಹಿಡಿಯುವ ಉಪಾಯಗಳು ಹಲವಿವೆ. ಸ್ನೇಹವನ್ನು ಮುಂದೊಡ್ಡುವುದು ಒಂದು: ‘ಏನು ಮಾರಾಯಾ, ನನ್ನ ಹತ್ತಿರವೂ ದುಡ್ಡು ಕೇಳುತ್ತೀಯಾ?’ ಈ ಮಾತಿಗೆ ಎದುರುತ್ತರ ಕೊಡಲು ಬಡವನಿಗೆ ಬಾಯಿ ಬರುವುದಿಲ್ಲ. ಚಿಲ್ಲರೆಯಿಲ್ಲವೆಂಬುದು ಇನ್ನೊಂದು; 2016ರಿಂದೀಚೆಗೆ ಮೊಬೈಲಿನಿಂದಲೇ ಹಣ ಸಲ್ಲಿಸುವ ಯುಪಿಐ ಪದ್ಧತಿ ಬಂದು, ಒಂದು ರೂಪಾಯಿಯನ್ನೂ ನಿಂತಲ್ಲಿಂದಲೇ ಕಳುಹಿಸಬಹುದಾದ ಮೇಲೆ ಈ ನೆಪವು ಸತ್ತಿದೆ, ಆದರೂ ಬಾಯಿಯಲ್ಲಿ ಬದುಕಿದೆ. ‘ನಾಳೆ ಕೊಡುತ್ತೇನೆ’ ಎಂಬುದು ಮೂರನೆಯದು, ಮತ್ತು ಎಲ್ಲಕ್ಕಿಂತ ಕೆಟ್ಟದ್ದು. ಹತ್ತು ರೂಪಾಯಿಯ ಸಾಲವನ್ನು ಕೊಡಬೇಕಾದವನು ಮರೆಯುತ್ತಾನೆ, ಬರಬೇಕಾದವನು ನೆನಪಿಟ್ಟುಕೊಂಡೂ ಕೇಳಲು ನಾಚುತ್ತಾನೆ. ಇದೇ ಹೆದ್ದಾರಿಯಲ್ಲಿ, ತೆಂಕಣಕ್ಕೆ ಕೆಲವೇ ಮೈಲಿ ದೂರದ ಸಾಸ್ತಾನದಲ್ಲಿ ಸುಂಕದ ಕಟ್ಟೆಯಿದೆ. ಪರವೂರಿನಿಂದ ಕಾರಿನಲ್ಲಿ ಬರುವವನ ಖಾತೆಯಿಂದ ಅಲ್ಲಿ ಹಣವು ತಾನಾಗಿಯೇ ಕಡಿತವಾಗುತ್ತದೆ. ಅವನು ಚೌಕಾಶಿ ಮಾಡುವುದಿಲ್ಲ, ಮಾಡಲು ಅಲ್ಲಿ ಎಡೆಯೂ ಇಲ್ಲ. ಬಲವುಳ್ಳವನಿಗೆ ಮೌನವಾಗಿ ತೆರುವ ಕೈಯೇ ಬಲವಿಲ್ಲದವನ ಮುಂದೆ ಮುಷ್ಟಿಯಾಗುವುದನ್ನು ಏನೆಂದು ಕರೆಯಬೇಕು?

ಶರಣೆ ಸತ್ಯಕ್ಕನು ಹಾದಿಯಲ್ಲಿ ಬಿದ್ದಿರುವ ಪರರ ಒಡವೆಯನ್ನು ಮುಟ್ಟದಿರುವುದನ್ನೇ ವ್ರತವಾಗಿ ಇಟ್ಟುಕೊಂಡವಳು. ಲಿಂಗಾಯತ ಗೃಹಸ್ಥರಲ್ಲಿ ಆ ವ್ರತವನ್ನು ಮೆಚ್ಚದವರಿಲ್ಲ. ಬೀದಿಯಲ್ಲಿ ಬಿದ್ದ ನೋಟನ್ನು ಕಂಡು ಯಾರದೆಂದು ವಿಚಾರಿಸುವ ಪ್ರಾಮಾಣಿಕರೂ ಬಹಳ ಮಂದಿ ಇದ್ದಾರೆ. ಆದರೆ ಸೈಕಲ್ ಅಂಗಡಿಯವನಿಗೆ ಸಲ್ಲಬೇಕಾದ ಹಣವು ತನ್ನ ಕಿಸೆಯಲ್ಲಿಯೇ ಉಳಿದಾಗ ಅದೂ ಪರರ ಒಡವೆಯೇ ಅಲ್ಲವೆ? ಬೀದಿಯಲ್ಲಿ ಬಿದ್ದುದಕ್ಕೆ ಒಡೆಯನು ಯಾರೆಂದು ತಿಳಿಯದು. ಇದಕ್ಕಾದರೋ ಒಡೆಯನಿದ್ದಾನೆ, ಅವನ ಅಂಗಡಿ ಗೊತ್ತಿದೆ, ಮುಖ ಗೊತ್ತಿದೆ. ಅದರ ಮೇಲೆ ಅವನ ದಾಸೋಹವೂ ನಿಂತಿದೆ. ಕಾಯಕದಿಂದ ಬಂದುದನ್ನೇ ಜಂಗಮಕ್ಕೆ ಸಲ್ಲಿಸಬೇಕೆಂಬುದು ಶರಣರ ಕಟ್ಟಳೆಯಾದ್ದರಿಂದ, ಕೂಲಿಯನ್ನು ತಡೆದವನು ಒಬ್ಬನ ಊಟವನ್ನಷ್ಟೇ ತಡೆದಂತಾಗಲಿಲ್ಲ. ಆ ಮನೆಯ ಬಾಗಿಲಿಗೆ ಬರಬೇಕಾಗಿದ್ದ ಅತಿಥಿಯ ತುತ್ತನ್ನೂ ತಡೆದನು.

ಇಷ್ಟನ್ನು ಕೇಳಿದ ಉದಾರಿಗಳಾದ ಕೆಲವರು ‘ಹಾಗಾದರೆ ಕೇಳಿದ್ದಕ್ಕಿಂತ ಇಮ್ಮಡಿ ಕೊಟ್ಟುಬಿಡೋಣ’ ಎಂದಾರು. ಶರಣರು ಅದನ್ನೂ ಒಪ್ಪಲಿಲ್ಲ. ನುಲಿಯ ಚಂದಯ್ಯನ ಕಥೆಯು ಇಲ್ಲಿ ಸ್ಮರಣೀಯ. ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದವನು ಅವನು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಲಿಂಗವನ್ನು ಲೆಕ್ಕಿಸದೆ ಕಾಯಕದಲ್ಲಿಯೇ ನಿರತನಾದನೆಂದೂ, ಬಳಿಕ ಮಡಿವಾಳ ಮಾಚಯ್ಯನ ಮಾತಿನಿಂದ ಲಿಂಗವನ್ನು ಒಪ್ಪಿಕೊಂಡರೂ ಅದಕ್ಕೂ ಹಗ್ಗ ಮಾರುವ ಕೆಲಸವನ್ನೇ ವಹಿಸಿದನೆಂದೂ ಪರಂಪರೆಯಲ್ಲಿ ಹೇಳುತ್ತಾರೆ. ಆ ಹಗ್ಗಕ್ಕೆ ಬಸವಣ್ಣನವರು ಅದರ ಬೆಲೆಗೆ ಮೀರಿದ ಹೊನ್ನನ್ನು ಕೊಟ್ಟಾಗ ಚಂದಯ್ಯನು ಹಿಗ್ಗಲಿಲ್ಲ, ಸಿಟ್ಟಾದನು. ಹಗ್ಗದ ಬೆಲೆಯೆಷ್ಟೋ ಅಷ್ಟು ಮಾತ್ರ ತನ್ನದು, ಮಿಕ್ಕುದು ತನ್ನ ಕಾಯಕಕ್ಕೆ ಕಳಂಕ ಎಂಬುದು ಅವನ ನಿಲವು. ಹೆಚ್ಚು ಕೊಡುವವನ ಮನಸ್ಸಿನಲ್ಲಿ ‘ಪಾಪ, ಬಡವ’ ಎಂಬ ಭಾವನೆ ಸುಳಿದರೆ, ಕೂಲಿಯು ಭಿಕ್ಷೆಯಾಗಿ ಬದಲಾಗುತ್ತದೆ. ಎದುರಿಗಿರುವವನು ಕಾಯಕಜೀವಿಯ ಪದವಿಯಿಂದ ಯಾಚಕನ ಪದವಿಗೆ ಇಳಿಯುತ್ತಾನೆ. ಕಡಮೆ ಕೊಡುವುದು ಅವನ ಹೊಟ್ಟೆಗೆ ಮಾಡಿದ ಅಪಚಾರವಾದರೆ, ಕನಿಕರದಿಂದ ಎಸೆಯುವುದು ಅವನ ನಿಲವಿಗೆ ಮಾಡಿದ ಅಪಚಾರ.

ಅಂಗಡಿಯವನಿಗೂ ಧರ್ಮವಿಲ್ಲದಿಲ್ಲ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಮರಳಿ ಸುರಿದುಬರುವಂತೆ ಲಕ್ಕಮ್ಮನು ಕಳುಹಿಸಿದ ಪ್ರಸಂಗವನ್ನು ಅರಿಯದವರಾರು? ತಂತಿಗೆ ಎರಡು ತೊಟ್ಟು ಎಣ್ಣೆ ಬಿಟ್ಟರೆ ಸಾಕಾಗುವಲ್ಲಿ ಹೊಸ ತಂತಿಯನ್ನೇ ಹಾಕುವುದು, ಗಿರಾಕಿಗೆ ತಿಳಿಯದೆಂದು ಹಳೆಯ ಗುಂಡುಗಳಿಗೇ ಗ್ರೀಸು ಬಳಿದು ಹೊಸವೆಂದು ಎಣಿಸುವುದು, ಇವು ಆ ಹೆಚ್ಚಿನ ಅಕ್ಕಿಯಲ್ಲದೆ ಬೇರೇನೂ ಅಲ್ಲ. ಇಬ್ಬರ ಮನಸ್ಸೂ ಕೆಡದಂತೆ ಇರಲು ಸುಲಭವಾದ ದಾರಿಯೆಂದರೆ ಕೆಲಸಕ್ಕೆ ಕೈಯಿಡುವ ಮೊದಲೇ ಇಷ್ಟಾಗುವುದೆಂದು ಹೇಳಿಬಿಡುವುದು. ಇನ್ನೂ ಮೇಲಾದುದು, ಕಿರುಗೆಲಸಗಳ ದರವನ್ನು ಬರೆದು ಗೋಡೆಗೆ ತೂಗುಹಾಕುವುದು. ತೆಕ್ಕಟ್ಟೆಗೆ ಸಮೀಪದ ಬಸರೂರು ಒಂದು ಕಾಲಕ್ಕೆ ಕೆಳದಿಯ ಅರಸರ ಆಳ್ವಿಕೆಗೆ ಸೇರಿದ ಹೆಸರಾಂತ ಬಂದರು. ಆ ವೀರಶೈವ ಅರಸುಮನೆತನದ ಶಿವಪ್ಪನಾಯಕನು 1645ರಿಂದ 1660ರವರೆಗಿನ ತನ್ನ ಆಳ್ವಿಕೆಯಲ್ಲಿ ಭೂಮಿಯ ಗುಣವನ್ನು ನೋಡಿ ಕಂದಾಯವನ್ನು ನಿಗದಿಪಡಿಸಿದ ಏರ್ಪಾಟು ‘ಶಿಸ್ತು’ ಎಂಬ ಹೆಸರಿನಿಂದ ಇಂದಿಗೂ ಜನರ ನಾಲಗೆಯಲ್ಲಿದೆ. ತೆರುವವನಿಗೆ ತೆರಬೇಕಾದುದು ಮುಂಚಿತವಾಗಿ ತಿಳಿದಿದ್ದರೆ ಜಗಳಕ್ಕೆ ಬೇರು ಇರುವುದಿಲ್ಲ. ಅರಸನಿಗೆ ಹೊಂದಿದ ಮಾತು ಅಂಗಡಿಗೆ ಹೊಂದದೆ ಹೋಗದು.

ಇಂಥ ಅಂಗಡಿಗಳು ದಿನದಿನಕ್ಕೆ ಕಡಮೆಯಾಗುತ್ತಿವೆ. ಮೋಟಾರು ಸೈಕಲ್ಲು ಬಂದುದು ಒಂದು ಕಾರಣ. ತಂದೆಯ ಕೈಗಸುಬನ್ನು ಕಲಿಯಬೇಕಾದ ಮಗನು ಕುಂದಾಪುರ ಸೀಮೆಯ ರೂಢಿಯಂತೆ ಬೆಂಗಳೂರಿನ ಅಥವಾ ಮುಂಬಯಿಯ ಹೋಟೆಲಿಗೆ ಹೋಗುತ್ತಾನೆ. ಅಲ್ಲಿ ತಿಂಗಳ ಕೊನೆಗೆ ಸಂಬಳವೆಂಬುದಿದೆ, ‘ಇದಕ್ಕೂ ದುಡ್ಡೇ?’ ಎಂದು ಕೇಳುವವರಿಲ್ಲ. ಹಾಗೆ ಹೋದವನನ್ನು ಯಾರೂ ದೂರಲಾಗದು. ಅಂಗಡಿಯ ಬಾಗಿಲು ಮುಚ್ಚಿದ ಮೇಲೆ, ಒಂದು ನಟ್ಟಿನ ಬಿಗಿತಕ್ಕಾಗಿ ಸೈಕಲ್ಲನ್ನು ಕೋಟಕ್ಕೋ ಕುಂದಾಪುರಕ್ಕೋ ತಳ್ಳಿಕೊಂಡು ಹೋಗಬೇಕಾದಾಗ ಊರಿನವರಿಗೆ ಆ ನಟ್ಟಿನ ಬೆಲೆ ತಿಳಿದೀತು.

ಇನ್ನು ಅಂಗಡಿಯವನೇ ‘ಇರಲಿ ಬಿಡಿ’ ಎಂದರೆ? ಇದಕ್ಕೆ ಒಂದೇ ಉತ್ತರವಿಲ್ಲ. ಸಂಕೋಚದಿಂದ ಬಂದ ‘ಇರಲಿ ಬಿಡಿ’ ಬೇರೆ, ಸಂತೋಷದಿಂದ ಬಂದುದು ಬೇರೆ. ಕೊಂಚ ಕಣ್ಣಿಟ್ಟು ನೋಡಿದರೆ ಭೇದವು ತಿಳಿಯುತ್ತದೆ. ಮೊದಲನೆಯದಾದರೆ ಹಣವನ್ನು ಅವನ ಕೈಯಲ್ಲಿಟ್ಟೇ ಹೊರಡಬೇಕು. ಎರಡನೆಯದಾದರೆ ಅದು ಅವನ ದಾಸೋಹ. ಅದನ್ನು ನಿರಾಕರಿಸಿ ಹಣವನ್ನು ಒತ್ತಾಯದಿಂದ ತುರುಕುವುದೂ ಸಲ್ಲದು, ಏಕೆಂದರೆ ಕೊಡುವ ಅಧಿಕಾರವು ಉಳ್ಳವರಿಗೆ ಮಾತ್ರ ಮೀಸಲಾದುದಲ್ಲ. ಎಷ್ಟೋ ಅಂಗಡಿಗಳ ಮುಂದೆ ಗಾಳಿಯ ಪಂಪನ್ನು ಹೊರಗೇ ಇಟ್ಟಿರುತ್ತಾರೆ. ಶಾಲೆಯ ಮಕ್ಕಳು ಬಂದು ತಾವೇ ಗಾಳಿ ಹಾಕಿಕೊಂಡು ಹೋಗುತ್ತಾರೆ. ಅವರಿಂದ ಕಾಸು ಕೇಳುವ ಅಭ್ಯಾಸ ಹಲವರಿಗಿಲ್ಲ. ಆ ಪಂಪಿನೊಳಗಿನ ವಾಷರು ಸವೆದರೆ ಅದನ್ನು ಬದಲಾಯಿಸುವ ಖರ್ಚು ಅವನದೇ. ಇದು ಕೇಳದೆ ಕೊಟ್ಟ ದಾನವಾದುದರಿಂದ ಇದಕ್ಕೆ ಬೆಲೆ ಕಟ್ಟುವುದು ಬೇಡ. ಗಾಳಿ ಹಾಕಿಕೊಂಡ ಹುಡುಗನು ಪಂಪನ್ನು ಕೆಸರಿನಲ್ಲಿ ಕೆಡವಿ ಓಡದೆ, ಎತ್ತಿ ಗೋಡೆಗೆ ಒರಗಿಸಿ ಹೋಗುವಂತೆ ಅವನ ತಂದೆತಾಯಿಗಳು ಕಲಿಸಿದ್ದರೆ ಸಾಕು.