ಕೇಳದವರೂ ನೆನೆಯುವ ದನಿ

ಕುಂದಗೋಳದ ನಾಡಗೇರ ವಾಡೆಯಲ್ಲಿ ವರ್ಷಕ್ಕೊಮ್ಮೆ ಜನ ರಾತ್ರಿಯಿಡೀ ನಿದ್ದೆಗೆಟ್ಟು ಕೂಡುತ್ತಾರೆ. ಅವರು ನೆನೆಯುವುದು ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರನ್ನು. ಸವಾಯಿ ಗಂಧರ್ವರು ಪುಣೆಯಲ್ಲಿ ಕಣ್ಣು ಮುಚ್ಚಿದ್ದು 1952ರ ಸೆಪ್ಟೆಂಬರ್ 12ರಂದು. ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ ಪಾರ್ಶ್ವವಾಯು ಹೊಡೆದು ಅವರ ಕಚೇರಿಗಳು ನಿಂತಿದ್ದವು. ಅವರು ತುಂಬುಕಂಠದಿಂದ ಹಾಡಿದ್ದನ್ನು ಎದುರು ಕೂತು ಕೇಳಿದವರು ಯಾರಾದರೂ ಉಳಿದಿದ್ದರೆ ಅವರಿಗೀಗ ತೊಂಬತ್ತು ದಾಟಿರಬೇಕು. ಆದರೆ ವಾಡೆಯಲ್ಲಿ ಜಮಖಾನೆಯ ಮೇಲೆ ಕೂತವರಲ್ಲಿ ಕಾಲೇಜು ಹುಡುಗರಿದ್ದಾರೆ, ಮಡಿಲಲ್ಲಿ ಮಲಗಿದ ಕೂಸಿನ ತಲೆ ಸವರುತ್ತ ಹಾಡು ಕೇಳುವ ತಾಯಂದಿರಿದ್ದಾರೆ, ಹೊಲದ ಕೆಲಸ ಮುಗಿಸಿ ರುಮಾಲು ಸುತ್ತಿಕೊಂಡು ಬಂದ ರೈತರಿದ್ದಾರೆ. ಇವರಲ್ಲಿ ಯಾರೂ ಅವರನ್ನು ಕಂಡವರಲ್ಲ, ಕೇಳಿದವರಲ್ಲ. ಕೇಳದ ದನಿಯನ್ನು ಮನುಷ್ಯ ನೆನೆಯುವುದು ಹೇಗೆ? ಈ ಬೆರಗು ನನ್ನನ್ನು ಬಹಳ ಕಾಲದಿಂದ ಹಿಡಿದು ಕೂತಿದೆ.

ಒಂದು ಸಲ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಕೇಳಿಯೇಬಿಟ್ಟೆ. "ಅಜ್ಜಾರ, ನೀವು ಸವಾಯಿ ಗಂಧರ್ವರ ಹಾಡು ಕೇಳೀರೇನ್ರಿ?"

"ನಾ ಎಲ್ಲಿ ಕೇಳ್ಲೋ ತಮ್ಮಾ. ನಮ್ಮಪ್ಪ ಕೇಳಿದ್ದ. ಅಂವಾ ಹೇಳಿದ್ದನ್ನ ನಾ ಕೇಳೇನಿ."

ಅಷ್ಟು ಹೇಳಿ ಅವರು ಮತ್ತೆ ಹಾಡಿನ ಕಡೆಗೆ ತಿರುಗಿದರು. ಅಪ್ಪ ಕೇಳಿದ್ದನ್ನು ಮಗ ಆಸ್ತಿಯ ಹಾಗೆ ಇಟ್ಟುಕೊಂಡಿದ್ದಾನೆ. ಹೊಲಕ್ಕಾದರೆ ಪಹಣಿ ಇರುತ್ತದೆ, ಇದಕ್ಕೆ ಯಾವ ಕಾಗದವೂ ಇಲ್ಲ.

ಸವಾಯಿ ಗಂಧರ್ವರು ಹುಟ್ಟಿದ್ದು 1886ರ ಜನವರಿ 19ರಂದು, ಇದೇ ಕುಂದಗೋಳದಲ್ಲಿ. ಇಟ್ಟ ಹೆಸರು ರಾಮಚಂದ್ರ, ಕರೆಯುವ ಹೆಸರು ರಾಮಭಾವು. ಮನೆತನದ ಹೆಸರು ಸಂಶಿ. ಕುಂದಗೋಳ ಬಿಟ್ಟ ರೈಲು ಸ್ವಲ್ಪ ಹೊತ್ತಿಗೆ ನಿಲ್ಲುತ್ತದಲ್ಲ, ಆ ಸಂಶಿ. ತಂದೆ ಗಣೇಶರಾಯರು ನಾಡಗೇರರ ಬಳಿ ಗುಮಾಸ್ತರಾಗಿದ್ದರು. ಊರು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸುತ್ತ ಎರೆಭೂಮಿ, ಹತ್ತಿ, ಮೆಣಸಿನಕಾಯಿ. ಇಂಥ ಊರಿಗೆ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಬಂದು ನಾಡಗೇರ ವಾಡೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಗುಮಾಸ್ತರ ಮಗನ ಹಾಡು ಖಾನರ ಕಿವಿಗೆ ಬಿತ್ತು. ಎಂಟು ವರ್ಷ ಬಿಡದೆ ಕಲಿಯಬೇಕೆಂಬ ಕರಾರಿನ ಮೇಲೆ ಶಿಷ್ಯನನ್ನಾಗಿ ಒಪ್ಪಿಕೊಂಡರು.

ರಾಮಭಾವು ಅವರದು ದೈವದತ್ತ ಕಂಠವೇನಲ್ಲ. ಹರೆಯಕ್ಕೆ ಬರುವಾಗ ದನಿ ಒಡೆದು ಒರಟಾಯಿತು, ಹೇಳಿದ ಕಡೆ ಬಾಗದಾಯಿತು. ಅದನ್ನು ಬಗ್ಗಿಸಿದ್ದು ತಾಲೀಮು. ಒಂದೊಂದು ಸ್ವರವನ್ನೂ ತಿಕ್ಕಿ ತಿಕ್ಕಿ ಅದರ ನೆಲೆಗೆ ತಂದು ನಿಲ್ಲಿಸಿದ್ದು ವರ್ಷಗಳ ಬೆವರು. ಹುಟ್ಟುತ್ತಲೇ ಗಂಧರ್ವನಾಗಿ ಬಂದವನನ್ನು ಕಂಡರೆ ನಾವು ಕೈಮುಗಿದು ದೂರ ಸರಿಯುತ್ತೇವೆ. ನಮ್ಮ ಹಾಗೇ ಒಡಕು ದನಿಯವನಾಗಿದ್ದು ಆಮೇಲೆ ಗಂಧರ್ವನಾದವನನ್ನು ಕಂಡಾಗ ಮಾತ್ರ ನಿಜವಾದ ಬೆರಗು ಹುಟ್ಟುತ್ತದೆ. ಕುಂದಗೋಳದವರ ಪ್ರೀತಿಯಲ್ಲಿ ಇದರ ಪಾಲು ದೊಡ್ಡದು ಎಂದು ನನಗನಿಸುತ್ತದೆ.

ಗುರುಗಳಿಗೆ ಮನಸ್ಸಿಲ್ಲದಿದ್ದರೂ ರಾಮಭಾವು ನಾಟಕ ಸೇರಿದರು. ಮರಾಠಿ ಸಂಗೀತ ರಂಗಭೂಮಿಗೆ ಅದು ಸುಗ್ಗಿಯ ಕಾಲ. ಗಂಡಸರೇ ಹೆಣ್ಣುಪಾತ್ರ ಮಾಡುತ್ತಿದ್ದರು. ಎರೆಸೀಮೆಯ ಈ ಕನ್ನಡದ ಹುಡುಗ 'ಸೌಭದ್ರ'ದ ಸುಭದ್ರೆಯಾಗಿ ಸೀರೆಯುಟ್ಟು ನಿಂತು ಹಾಡಿದಾಗ ಮರಾಠಿ ನಾಡು ಮರುಳಾಯಿತು. ಅದೇ ರಂಗಭೂಮಿಯ ನಟ ಬಾಲಗಂಧರ್ವರು ಉತ್ತುಂಗದಲ್ಲಿದ್ದ ಆ ದಿನಗಳಲ್ಲೇ ಅಮರಾವತಿಯಲ್ಲಿ ಇವರಿಗೆ ಸವಾಯಿ ಗಂಧರ್ವ ಎಂಬ ಬಿರುದು ಬಂತು. ಆ ನಾಟಕಗಳನ್ನು ಕಂಡವರೂ ಈಗಿಲ್ಲ, ಆ ಪರದೆಗಳೂ ಇಲ್ಲ. ಮುಂದೆ ನಾಟಕ ಬಿಟ್ಟು ಕಚೇರಿಯ ಗಾಯಕರಾಗಿ ಅವರು ಗಳಿಸಿದ ಹೆಸರು ಮಾತ್ರ ನಿಂತಿತು.

ಆಮೇಲೆ ಐವತ್ತಾರನೇ ವಯಸ್ಸಿನ ಸುಮಾರಿಗೆ ಪಾರ್ಶ್ವವಾಯು. ಹಾಡುಗಾರನಿಗೆ ಎರಡು ಸಾವುಗಳಿರುತ್ತವೇನೋ ಎಂದು ಇಲ್ಲಿ ಅನಿಸುತ್ತದೆ: ಮೊದಲು ದನಿಯದು, ಆಮೇಲೆ ದೇಹದ್ದು. ಆಟಗಾರನ ಬಾಳೂ ಹೀಗೆಯೇ. ಮೂವತ್ತೈದು, ನಲವತ್ತಕ್ಕೆ ಮೈದಾನದಿಂದ ಹೊರಬಂದ ಮೇಲೆ ಅವನು 'ಮಾಜಿ'. ಜನ ಅವನನ್ನು ಪ್ರೀತಿಸಿದ್ದು ಮಾತ್ರ ಮಾಜಿಯಾಗುವುದಿಲ್ಲ. ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ರಾಬರ್ಟೊ ಕ್ಲೆಮೆಂಟೆ ಎಂಬ ಆಟಗಾರನಿದ್ದ. ಪೋರ್ಟೊರಿಕೊ ದ್ವೀಪದವನು, ಪಿಟ್ಸ್‌ಬರ್ಗ್ ತಂಡಕ್ಕೆ ಆಡುತ್ತಿದ್ದ. ನಿಕರಾಗುವದಲ್ಲಿ ಭೂಕಂಪವಾದಾಗ ನೊಂದವರಿಗೆ ಸಾಮಾನು ಹೊತ್ತು 1972ರ ಡಿಸೆಂಬರ್ 31ರಂದು ಹೊರಟ ಅವನ ವಿಮಾನ ಕಡಲಿಗೆ ಬಿತ್ತು. ದೇಹ ಸಿಗಲಿಲ್ಲ. ಅವನ ಹೆಸರಿನಲ್ಲಿ ಸರಿಯಾಗಿ 3000 ಹಿಟ್‌ಗಳಿದ್ದವು. ಈಗ ಪ್ರತಿವರ್ಷ ಸೆಪ್ಟೆಂಬರ್ 15 ಅಲ್ಲಿ ಅವನ ದಿನ. ಅವನು ಸತ್ತ ಎಷ್ಟೋ ವರ್ಷದ ಮೇಲೆ ಹುಟ್ಟಿದ ಆಟಗಾರರು ಅವನ 21ನೇ ನಂಬರಿನ ಅಂಗಿ ತೊಟ್ಟು ಅಂದು ಮೈದಾನಕ್ಕಿಳಿಯುತ್ತಾರೆ. ಎಲ್ಲಿಯ ಪಿಟ್ಸ್‌ಬರ್ಗ್, ಎಲ್ಲಿಯ ಕುಂದಗೋಳ! ನಮ್ಮ ಹೆಸರನ್ನೂ ಅರಿಯದೆ ಹೋದವನಿಗಾಗಿ ಮರುಗುವ, ಅವನನ್ನು ನಮ್ಮವನೆನ್ನುವ ಹುಚ್ಚು ಎರಡೂ ಕಡೆ ಒಂದೇ.

ಆದರೆ ಒಂದು ವ್ಯತ್ಯಾಸವಿದೆ. ಅಂಗಿಯನ್ನು ಯಾರು ಬೇಕಾದರೂ ತೊಡಬಹುದು, ಅವನ ಹೊಡೆತವನ್ನು ಇನ್ನೊಬ್ಬರು ಹೊಡೆಯಲಾಗದು. ಸಂಗೀತದಲ್ಲಿ ಹಾಗಲ್ಲ. ಸವಾಯಿ ಗಂಧರ್ವರು ತಮ್ಮ ಗಂಟಲು ಗಟ್ಟಿ ಇದ್ದಾಗಲೇ ತಮ್ಮದನ್ನು ಬೇರೆಯವರ ಗಂಟಲಿಗೆ ದಾಟಿಸಿದ್ದರು.

1930ರ ದಶಕದ ಕುಂದಗೋಳವನ್ನು ನೆನೆದಾಗಲೆಲ್ಲ ನನ್ನ ಮೈ ನವಿರೇಳುತ್ತದೆ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಹುಚ್ಚು ಹಿಡಿದವನಂತೆ ಹನ್ನೊಂದನೆಯ ವಯಸ್ಸಿಗೆ ಮನೆಬಿಟ್ಟು ಓಡಿದ. ಟಿಕೆಟ್ಟಿಲ್ಲದೆ ಉತ್ತರ ಹಿಂದೂಸ್ತಾನವನ್ನೆಲ್ಲ ಸುತ್ತಿ ಬಂದ. ಹುಡುಕಿದ ಗುರು ಕೊನೆಗೆ ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, 1936ರಲ್ಲಿ. ಗುರುಮನೆಗೆ ದೂರದಿಂದ ಕೊಡ ಹೊತ್ತು ನೀರು ತಂದ. ಬೆಳಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಪಾಠ ಇಷ್ಟೇ, ಅದೇ ಮತ್ತೆ ಮತ್ತೆ. ನೂರು ರಾಗ ಕಲಿಸಿ ಕಳಿಸುವ ಅವಸರ ಗುರುಗಳಿಗಿರಲಿಲ್ಲ.

ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದವರು ಗಂಗೂಬಾಯಿ ಹಾನಗಲ್. ಹೆಣ್ಣುಮಗಳೊಬ್ಬಳು ಹಾಡು ಕಲಿಯಲು ಊರಿಂದೂರಿಗೆ ಹೋಗುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಜನ 'ಗಾನೇವಾಲಿ' ಎಂದು ಕುಟುಕುತ್ತಿದ್ದರು. ಅವರು ಕೇಳಿಸಿಕೊಂಡರು, ಮರುದಿನ ಮತ್ತೆ ರೈಲು ಹತ್ತಿದರು. ಪಾಠ ಮುಗಿದ ಮೇಲೆ ಭೀಮಸೇನರು ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುತ್ತಿದ್ದರಂತೆ, ಇವತ್ತಿನ ಪಾಠ ಏನಾಯಿತು ಅಕ್ಕಾ ಎಂದು ದಾರಿಯುದ್ದಕ್ಕೂ ಕೇಳುತ್ತ. ಮುಂದೆ ಇಡೀ ದೇಶ ಎದ್ದು ನಿಂತು ಗೌರವಿಸಿದ ಇಬ್ಬರು ಆ ಎರೆಮಣ್ಣಿನ ಹಾದಿಯಲ್ಲಿ ಪೂರಿಯಾದ ನಿಷಾದದ ಬಗ್ಗೆ ಮಾತಾಡುತ್ತ ನಡೆದು ಹೋಗಿದ್ದಾರೆ. ಮುಂಬೈಯ ಪಾರ್ಸಿ ಮನೆತನದ ಫಿರೋಜ್ ದಸ್ತೂರ್ ಅದೇ ಗುರುವಿನ ಶಿಷ್ಯರು. ಕುಂದಗೋಳ ತಾಲೂಕಿನ ಯಲಿವಾಳದ ಬಸವರಾಜ ರಾಜಗುರು ಕೂಡ ಅವರ ಬಳಿ ಪಾಠ ಹೇಳಿಸಿಕೊಂಡವರು.

ಈಗ ಈ ಶಿಷ್ಯರ ದನಿಗಳನ್ನು ಒಂದರ ಪಕ್ಕ ಒಂದು ಇಟ್ಟು ಕೇಳಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಗಂಡುದನಿಯಷ್ಟು ಭಾರವಾಯಿತು. ಭೀಮಸೇನರದು ಮೋಡ ಗುಡುಗಿದಂತೆ ಎದ್ದು ಬರುವ ದನಿ. ದಸ್ತೂರರದು ಮೆದು. ಮೂವರಲ್ಲಿ ಯಾರೂ ಇನ್ನೊಬ್ಬರಂತಿಲ್ಲ, ಯಾರೂ ಗುರುವಿನ ನಕಲೂ ಅಲ್ಲ. ಹಾಗಾದರೆ ಗುರು ಕೊಟ್ಟಿದ್ದೇನು? ಗುರುವಿನದೇ ಹಳೆಯ ರೆಕಾರ್ಡು ಹಾಕಿದರೆ ಸುಳಿವು ಸಿಗುತ್ತದೆ. ಮೂರು ನಿಮಿಷಕ್ಕೆ ಮುಗಿದುಹೋಗುವ ತಟ್ಟೆ, ಕೊರೆತದ ಸದ್ದು ಬೇರೆ. ಆ ಸದ್ದಿನೊಳಗೂ ಸ್ವರವೊಂದು ತನ್ನ ಜಾಗಕ್ಕೆ ಬಂದು ನಿಲ್ಲುವ ರೀತಿ ಕಿವಿಗೆ ಬೀಳುತ್ತದೆ: ಓಡಿ ಬಂದು ನಿಂತದ್ದಲ್ಲ, ಅಲ್ಲೇ ಹುಟ್ಟಿದ್ದೇನೋ ಎಂಬಂತೆ. ಅದೇ ನಿಲುವು ಗಂಗೂಬಾಯಿಯವರ ಷಡ್ಜದಲ್ಲಿದೆ, ಭೀಮಸೇನರ ಪಂಚಮದಲ್ಲಿದೆ. ದನಿ ಮಣ್ಣಿಗೆ ಹೋಯಿತು, ನಿಲ್ಲುವ ರೀತಿ ಉಳಿಯಿತು. ಅದನ್ನು ಕೇಳಿದವರು ಸವಾಯಿ ಗಂಧರ್ವರನ್ನೂ ಅಷ್ಟರ ಮಟ್ಟಿಗೆ ಕೇಳಿದ ಹಾಗೆಯೇ. ಪಕ್ಕದಲ್ಲಿದ್ದ ಅಜ್ಜ ನಾ ಎಲ್ಲಿ ಕೇಳ್ಲೋ ಎಂದರಲ್ಲ, ಅವರು ಕೇಳಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ವಾಡೆಯ ಆ ರಾತ್ರಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ತಂಬೂರಿ ಕೂಡಿಸುವ ಹೊತ್ತು. ಹಾಡುವವರು ಕಣ್ಣು ಮುಚ್ಚಿ, ಕಿವಿಯನ್ನು ತಂತಿಗೆ ಒಡ್ಡಿ, ಬಿರಡೆಯನ್ನು ಎಳ್ಳಷ್ಟು ತಿರುಗಿಸುತ್ತಾರೆ. ಸಾಲದು. ಮತ್ತೆ ಎಳ್ಳಷ್ಟು ಹಿಂದಕ್ಕೆ. ಜೀವಾಳದ ನೂಲನ್ನು ಬೆರಳ ತುದಿಯಿಂದ ಸರಿಸುತ್ತಾರೆ. ತಬಲಾದವರು ಸುತ್ತಿಗೆ ಹಿಡಿದು ಅಂಚಿಗೆ ಮೆಲ್ಲಗೆ ಬಡಿಯುತ್ತಾರೆ. ಇಷ್ಟೆಲ್ಲ ಆಗುವಾಗ ಕೂತ ಜನಕ್ಕೆ ಬೇಸರವಿಲ್ಲ, ಗುಸುಗುಸು ಇಲ್ಲ. ನಾಲ್ಕೂ ತಂತಿ ಒಂದಾದ ಕ್ಷಣ ಸಭೆಯ ನಡುವಿನಿಂದ ಯಾರೋ 'ಆಹಾ' ಎನ್ನುತ್ತಾರೆ. ಇನ್ನೂ ಹಾಡೇ ಶುರುವಾಗಿಲ್ಲ! ಸ್ವರಲಿಪಿ ಓದಲು ಬಾರದ, ರಾಗಲಕ್ಷಣ ಹೇಳೆಂದರೆ ನಕ್ಕು ಸುಮ್ಮನಾಗುವ ಜನ ಇವರು. ಸ್ವರ ಕೂಡಿದ್ದು, ಕೂಡದ್ದು ಮಾತ್ರ ಅವರ ಕಿವಿಗೆ ಗೊತ್ತು. ಗಾಯಕ ಮಂದ್ರದಲ್ಲಿ ತಡವಿಕೊಂಡಾಗ ಅವರ ಮುಖ ಸಣ್ಣಗಾಗುತ್ತದೆ, ಸಮಕ್ಕೆ ಬಂದಾಗ ನೂರು ತಲೆ ಒಟ್ಟಿಗೆ ತೂಗುತ್ತವೆ. ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಹಾಡಿದ ಗಂಗೂಬಾಯಿ, ಭೀಮಸೇನ ಜೋಶಿಯವರೂ ಇಲ್ಲಿಗೆ ಬಂದು ಈ ಕಿವಿಗಳ ಮುಂದೆ ಹಾಡಿ ಹೋಗಿದ್ದಾರೆ. ಈ ಕಿವಿಯೂ ಒಂದು ದಿನದಲ್ಲಿ ಆದದ್ದಲ್ಲ. ಗಾಯಕರಿಗೆ ಇರುವಂತೆ ಕೇಳುಗರಿಗೂ ಒಂದು ಘರಾಣೆ ಇದೆ ಎಂಬುದು ನನ್ನ ನಂಬಿಕೆ. ಅದು ಅಪ್ಪನಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಹೀಗೆ ಪಕ್ಕದಲ್ಲಿ ಕೂತೇ ಬಂದಿದೆ.

ಧಾರವಾಡದ ಈ ನೆಲದಲ್ಲಿ ಕಾರಣ ಕೇಳಬಾರದ ಕೆಲವು ಸಂಗತಿಗಳೂ ನಡೆದಿವೆ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12. ಧಾರವಾಡದ ಹತ್ತಿರದ ಮನಸೂರಿನ ಮಲ್ಲಿಕಾರ್ಜುನರು ತೀರಿಕೊಂಡದ್ದು 1992ರ ಸೆಪ್ಟೆಂಬರ್ 12. ನಡುವೆ ಸರಿಯಾಗಿ ನಲವತ್ತು ವರ್ಷ. ಒಬ್ಬರು ಕಿರಾನಾ, ಇನ್ನೊಬ್ಬರು ಜೈಪುರ ಅತ್ರೌಲಿ; ಇಬ್ಬರೂ ಹಳ್ಳಿಗಾಡಿನವರು, ಇಬ್ಬರೂ ನಾಟಕದಲ್ಲಿ ಬಣ್ಣ ಹಚ್ಚಿದವರು. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಆ ತಾರೀಖು ಬಂದಾಗ ನಾನು ಒಂದಿಷ್ಟು ಹೊತ್ತು ಸುಮ್ಮನೆ ಕೂಡುತ್ತೇನೆ.

ಗುರು ತೀರಿದ ಮರುವರ್ಷವೇ, 1953ರಲ್ಲಿ, ಭೀಮಸೇನರು ಪುಣೆಯಲ್ಲಿ ಆರ್ಯ ಸಂಗೀತ ಪ್ರಸಾರಕ ಮಂಡಳದ ಮೂಲಕ ಗುರುವಿನ ಹೆಸರಿನ ಉತ್ಸವ ಶುರುಮಾಡಿದರು. ಈಗ ಅದಕ್ಕೆ ಗುರು, ಶಿಷ್ಯ ಇಬ್ಬರ ಹೆಸರೂ ಇದೆ. ಸಾವಿರ ಸಾವಿರ ಜನ ಸೇರುತ್ತಾರೆ, ದೇಶದ ಘಟಾನುಘಟಿಗಳೆಲ್ಲ ಅಲ್ಲಿ ಹಾಡಿದ್ದಾರೆ, ನುಡಿಸಿದ್ದಾರೆ. ಅದರ ವೈಭವಕ್ಕೆ ನನ್ನ ನಮಸ್ಕಾರ. ಆದರೆ ಗುಮಾಸ್ತರ ಮಗ ಖಾನರ ದನಿಯನ್ನು ಮೊದಲು ಕೇಳಿಸಿಕೊಂಡಿರಬೇಕಾದ ಅದೇ ವಾಡೆಯಲ್ಲಿ ಕೂತು ಕೇಳುವ ಭಾಗ್ಯ ಪುಣೆಗಿಲ್ಲ.

ಫಿರೋಜ್ ದಸ್ತೂರ್ 2008ರಲ್ಲಿ ಹೋದರು, ಗಂಗೂಬಾಯಿ 2009ರ ಜುಲೈ 21ರಂದು, ಭೀಮಸೇನರು 2011ರ ಜನವರಿ 24ರಂದು. ಮೂರು ವರ್ಷದೊಳಗೆ ನೇರ ಶಿಷ್ಯರ ದೊಡ್ಡ ಪೀಳಿಗೆ ಮುಗಿಯಿತು. ಈಗ ಹಾಡುವವರು ಶಿಷ್ಯರ ಶಿಷ್ಯರು, ಅವರಿಂದ ಕಲಿತವರು. ಇನ್ನು ಮುಂದೆ ಈ ನೆನಪು ಉಳಿಯಬೇಕಾದರೆ ಹಾಡುವವರಷ್ಟೇ ಸಾಲದು, ಕೂತು ಕೇಳುವವರೂ ಬೇಕು. ಕುಂದಗೋಳ ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರ್. ನವಲಗುಂದ, ಅಣ್ಣಿಗೇರಿ, ಕಲಘಟಗಿಯವರಿಗೂ ಅದು ದೂರದ ಊರಲ್ಲ. ಈ ವರ್ಷ ವಾಡೆಯಲ್ಲಿ ತಂಬೂರಿ ಕೂಡಿಸುವ ದಿನ ಗೊತ್ತು ಮಾಡಿಕೊಂಡು ಹೋಗಿ. ಮಕ್ಕಳಿಗೆ ನಿದ್ದೆ ಬಂದರೆ ಅಲ್ಲೇ ಮಲಗಲಿ, ಅವರನ್ನು ಮನೆಯಲ್ಲಿ ಬಿಟ್ಟು ಮಾತ್ರ ಹೋಗಬೇಡಿ. ನಡುರಾತ್ರಿಗೆ ಎದ್ದು ಬರಬೇಡಿ, ಬೆಳಗಿನ ರಾಗದವರೆಗೂ ಕೂತಿರಿ.